ಹುಳದ ಮನೆಯ ಕುದುರೆ ಕಾರು

ನಮ್ಮ ಮಾವ ಕೆಂಪಯ್ಯನವರಿಗೆ ಒಬ್ಬ ಮಗ, ಒಬ್ಬಳು ಮಗಳು, ಒಂದು ಕಾರು. ಮೂರರಲ್ಲಿ ಯಾವುದರ ಮೇಲೆ ಜೀವ ಹೆಚ್ಚು ಅಂತ ಕೇಳಿದ್ದರೆ ನಮ್ಮೂರಲ್ಲಿ ಯಾರೂ ತಡವರಿಸುತ್ತಿರಲಿಲ್ಲ. ಮಗ ಅಂದರೆ ನನ್ನ ಗಂಡ ಜಯಕುಮಾರ್. ಮಗಳು ಲತಾಮಣಿ, ನನ್ನ ನಾದಿನಿ. ಕಾರು ಅಂದರೆ ಅಮೆರಿಕದ ಫೋರ್ಡ್ ಮಸ್ಟಾಂಗ್, ಅರವತ್ತೊಂಬತ್ತನೇ ಇಸವಿಯದ್ದು, ಎಂಟು ಸಿಲಿಂಡರಿನ ಕೆಂಪು ಗಾಡಿ. ಮುಂದುಗಡೆ ಜಾಲರಿಯ ಮೇಲೆ ಓಡುವ ಕುದುರೆಯ ಗೊಂಬೆ ಇದ್ದದ್ದರಿಂದ ಊರವರ ಬಾಯಲ್ಲಿ ಅದು ಕುದುರೆ ಕಾರು.

ಇಂಥ ಕಾರು ಬಿಡದಿಗೂ ಕೈಲಾಂಚಕ್ಕೂ ನಡುವಿನ ನಮ್ಮಂಥ ಊರಿಗೆ ಹೇಗೆ ಬಂತು ಅಂತ ಬಂದವರೆಲ್ಲ ಕೇಳುತ್ತಾರೆ. ಕನಕಪುರದ ಕಡೆ ಕಲ್ಲು ಕ್ವಾರಿಗೆ ಯಂತ್ರ ಕೂರಿಸೋಕೆ ಅಂತ ಒಬ್ಬ ಅಮೆರಿಕದ ದೊರೆ ಬಂದಿದ್ದನಂತೆ. ಮಾವ ಅವನ ಡ್ರೈವರ್. ದೊರೆ ಊರಿಗೆ ಹೊರಟಾಗ ಕಾರನ್ನು ಹಡಗಿನಲ್ಲಿ ವಾಪಸು ಒಯ್ಯುವ ಗೋಜು ಬೇಡ ಅಂತ ಮಾವನ ಹೆಸರಿಗೇ ಮಾಡಿಸಿಕೊಟ್ಟು ಹೋದ. ಮಾವ ಈ ಕಥೆ ಹೇಳುವಾಗ ‘ಕೊಟ್ಟ’ ಅನ್ನುವುದಿಲ್ಲ, ‘ಒಪ್ಪಿಸಿ ಹೋದ’ ಅನ್ನುತ್ತಾರೆ, ಎಳೆ ಮಗುವನ್ನು ಒಪ್ಪಿಸಿದ ಹಾಗೆ. ನಾನು ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅದು ಓಡುವುದು ನಿಂತು ಎಷ್ಟೋ ಕಾಲವಾಗಿತ್ತು. ಒಳಗಿನ ಯಾವುದೋ ಸಾಮಾನು ಮುರಿದು, ಅದು ಎಲ್ಲೂ ಸಿಗುವುದಿಲ್ಲ ಅಂತ ಗೊತ್ತಾಗಿ, ನಿಂತದ್ದು ನಿಂತೇ ಹೋಗಿತ್ತು.

ನಿಲ್ಲಿಸಿದ್ದು ಹುಳದ ಮನೆಯಲ್ಲಿ. ರೇಷ್ಮೆ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮಿಕ್ಕವರಿಗೆ ಹೇಳುತ್ತೇನೆ: ಹುಳದ ಮನೆ ಅಂದರೆ ರೇಷ್ಮೆ ಹುಳ ಸಾಕುವ ಮನೆ. ನಮ್ಮ ಕಡೆ ಮನುಷ್ಯರಿರುವ ಮನೆ ಸೋರಿದರೂ ಹುಳದ ಮನೆ ಸೋರಬಾರದು. ಮನುಷ್ಯರ ಮನೆಗೆ ಇಲಿ ಬರಲಿ, ಇರುವೆ ಬರಲಿ, ಹುಳದ ಮನೆಗೆ ಬರಬಾರದು. ಆದ್ದರಿಂದ ಊರಿನಲ್ಲಿ ಅತ್ಯಂತ ಒಣಗಿದ, ಅತ್ಯಂತ ಚೊಕ್ಕ ಜಾಗ ಅಂದರೆ ಅದೇ. ಮಾವ ಒಂದು ಮಗ್ಗುಲ ಗೋಡೆ ಒಡೆಸಿ ಕಾರನ್ನು ಒಳಗೆ ತಳ್ಳಿಸಿ, ಹುಳಕ್ಕೆ ವಾಸನೆ ತಾಗದಿರಲಿ ಅಂತ ಪೆಟ್ರೋಲು, ಆಯಿಲು ಎಲ್ಲಾ ಬಸಿದು, ಟಾರ್ಪಾಲು ಹೊದಿಸಿ, ಮತ್ತೆ ಗೋಡೆ ಕಟ್ಟಿಸಿಬಿಟ್ಟರು. ಅಂದರೆ ಕಾರು ಬೇಕು ಅಂದರೆ ಗೋಡೆ ಕೆಡವಬೇಕು. ಅಷ್ಟು ಜೋಪಾನ.

ಲತಾ ಮಾಗಡಿ ಕಡೆಗೆ ಮದುವೆಯಾಗಿ ಹೋಗಿದ್ದವಳು. ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಮನೆಗೇ ಕರೆತಂದ ಮೇಲೆ ಒಂದು ಟ್ರಂಕು ಹೊತ್ತುಕೊಂಡು ತವರಿಗೆ ಬಂದಳು. ಬಂದ ಮಾರನೆಯ ದಿನದಿಂದಲೇ ಹುಳದ ಮನೆ ಅವಳ ಪಾಲಿಗೆ ಬಿತ್ತು. ಯಾರೂ ಬೀಳಿಸಲಿಲ್ಲ, ತಾನೇ ಹೊತ್ತುಕೊಂಡಳು. ತವರಿನಲ್ಲಿ ಕೂತು ಉಂಡಳು ಅನ್ನುವ ಮಾತು ಅವಳಿಗೆ ಆಗಿಬರುತ್ತಿರಲಿಲ್ಲ.

ನಾದಿನಿ ಅಂದಮೇಲೆ ನಮ್ಮಿಬ್ಬರಿಗೂ ಬಾಯಿ ಜಗಳ ಬೇಕಾದಷ್ಟು ಆಗಿದೆ. ನನ್ನ ಬಾಯಿಯೂ ಸಣ್ಣದಲ್ಲ. ಆದರೆ ಕೆಲಸದ ವಿಷಯದಲ್ಲಿ ಅವಳ ಮೇಲೆ ಬೆರಳು ತೋರಿಸುವ ಹಾಗಿರಲಿಲ್ಲ. ನಾನು ಮುಡಿದ ಮಲ್ಲಿಗೆ ಹೂವನ್ನು ಬಾಗಿಲಲ್ಲೇ ತೆಗೆಸಿ ಆಚೆ ಇಡಿಸುತ್ತಿದ್ದಳು, ವಾಸನೆಗೆ ಹುಳ ತಲೆ ಎತ್ತುತ್ತವಂತೆ. ನನ್ನ ಗಂಡ ಬೀಡಿ ಸೇದಿ ಬಂದರೆ ಆ ದಿನ ಅವರಿಗೆ ಒಳಗೆ ಪ್ರವೇಶವಿಲ್ಲ. ಒಂದು ಬೆಳೆ ಗೂಡು ಇಳಿಸಿದ ಮೇಲೆ, ಮುಂದಿನ ಬೆಳೆಯ ಮರಿಹುಳ ಬರುವ ಮೊದಲು, ಹುಳದ ಮನೆಯನ್ನು ಬ್ಲೀಚಿಂಗ್ ಪೌಡರು, ಸುಣ್ಣ ಕದಡಿದ ನೀರಿನಲ್ಲಿ ತೊಯಿಸಿ, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿಡಬೇಕು. ಇಲ್ಲದಿದ್ದರೆ ಹಳೇ ಬೆಳೆಯ ರೋಗ ಹೊಸ ಹುಳಕ್ಕೆ ಅಂಟುತ್ತದೆ. ಎಲ್ಲರೂ ಇದನ್ನು ಮಾಡುತ್ತಾರೆ, ಲತಾ ಎಲ್ಲರಿಗಿಂತ ಹೆಚ್ಚು ಮಾಡುತ್ತಿದ್ದಳು. ಸ್ಪ್ರೇಯರ್ ಬೆನ್ನಿಗೆ ಕಟ್ಟಿಕೊಂಡು, ಮೂಗಿಗೆ ಸೆರಗು ಸುತ್ತಿಕೊಂಡು, ಒಂದು ಮೂಲೆ ಬಿಡದೆ ಹೊಡೆಯುವಳು. ಕಾರಿನ ಟಾರ್ಪಾಲು ಎತ್ತಿ, ನೆಲಕ್ಕೆ ಮಂಡಿಯೂರಿ, ಅಡಿಯ ಕತ್ತಲೆಗೂ ನಳಿಗೆ ಚಾಚಿ ಹೊಡೆಯುವಳು, ರೋಗ ಅಲ್ಲೇ ಅಡಗುತ್ತದೆ ಅಂತ. ಹೊಡೆದು ಮುಗಿಸಿ ಕಣ್ಣು ಕೆಂಡದ ಹಾಗೆ ಮಾಡಿಕೊಂಡು ಆಚೆ ಬಂದು, ಮನೆ ತೆರೆದು ಗಾಳಿಯಾಡಿದ ಮೇಲೆ ಕಾರಿನ ಮೈಯನ್ನು ಎಣ್ಣೆ ಬಟ್ಟೆಯಿಂದ ಒರೆಸಿ ಫಳಫಳ ಅನ್ನಿಸುವಳು. ಹಾಲುತೊಂಡೆ ರೋಗ ಬಂದು ಊರೆಲ್ಲ ಹುಳ ತಿಪ್ಪೆಗೆ ಸುರಿದ ವರ್ಷವೂ ನಮ್ಮ ಮನೆಯಲ್ಲಿ ಗೂಡು ಕಟ್ಟಿತು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ನಮ್ಮ ಮಾವನ ಹೆಸರು ಕೂಗಿದರೆ ನೂಲು ತೆಗೆಯುವ ರೀಲರುಗಳು ಮುಂದೆ ಬಂದು ನಿಲ್ಲುತ್ತಿದ್ದರು. ಹೆಸರು ಮಾವನದು.

ಆಮೇಲೆ ಕೈಗಾರಿಕೆಯವರು ನಮ್ಮೂರಿನ ತನಕ ಬಂದರು. ಬಿಡದಿಯ ಫ್ಯಾಕ್ಟರಿಗಳು ಬೆಳೆದು ಬೆಳೆದು ಹೊಲಗಳ ಮೇಲೆ ಸುಣ್ಣದ ಗೆರೆ ಬಿತ್ತು. ನಮ್ಮದು ಹಿಪ್ಪುನೇರಳೆಯ ಒಂದು ಎಕರೆ ಮತ್ತು ಮನೆ ಬಿಟ್ಟು ಮಿಕ್ಕಿದ್ದೆಲ್ಲ ಹೋಯಿತು. ಪರಿಹಾರ ಬರುವ ಹೊತ್ತಿಗೆ, ಪಿತ್ರಾರ್ಜಿತ ಆಸ್ತಿ, ಮಗಳ ಒಪ್ಪಿಗೆಯೂ ಬೇಕು ಅಂದರು. ಆ ಸಂಜೆ ಮಾವ ಲತಾಳನ್ನು ಜಗಲಿಗೆ ಕರೆದು ಪಕ್ಕ ಕೂರಿಸಿಕೊಂಡರು.

“ನೋಡು ಮಗ, ಭೂಮಿ ದುಡ್ಡು ನಿಮ್ಮಣ್ಣಂಗೆ ಆಗ್ಲಿ, ಅವ್ನಿಗೆ ಸಂಸಾರ ಐತೆ. ಕಾರು ನಿಂಗೆ. ಅದ್ಕೆ ಭೂಮಿಗಿಂತ ಬೆಲೆ ಐತೆ ಕಣವ್ವ. ಅಂಥ ಗಾಡಿ ಈ ದೇಶ್ದಲ್ಲೇ ಎಲ್ಲೋ ಒಂದೋ ಎರಡೋ.”

ನನ್ನ ಗಂಡ ಕಂಬಕ್ಕೆ ಒರಗಿ ನಿಂತು ಉಗುರು ಕಚ್ಚುತ್ತಿದ್ದರು. ಲತಾ ಅಪ್ಪನ ಮುಖ ನೋಡಿದಳು. ಮಾವ ಮೋಸ ಮಾಡುತ್ತಿರಲಿಲ್ಲ, ಅದು ನನಗೂ ಗೊತ್ತು. ತನ್ನ ಹತ್ತಿರ ಇದ್ದದ್ದರಲ್ಲಿ ಅತಿ ಪ್ರೀತಿಯದನ್ನೇ ಮಗಳಿಗೆ ಕೊಡುತ್ತಿದ್ದೇನೆ ಅಂತ ಅವರ ಕಣ್ಣು ತುಂಬಿತ್ತು. ಅವಳು ಸಹಿ ಹಾಕಿದಳು. ಕಾರು ಮಾರಿ, ರಾಮನಗರದಲ್ಲಿ ಒಂದು ಸೈಟು ತಗೊಂಡು ಎರಡು ಕೋಣೆ ಕಟ್ಟಿಕೊಂಡು, ಯಾರ ಹಂಗೂ ಇಲ್ಲದೆ ಇರುತ್ತೇನೆ ಅಂತ ಆ ರಾತ್ರಿ ಪಾತ್ರೆ ತೊಳೆಯುತ್ತಾ ನನಗೆ ಹೇಳಿದಳು. ‘ಹೋಗು, ನನಗೂ ಒಸಿ ಕಿರಿಕಿರಿ ತಪ್ಪುತ್ತೆ’ ಅಂದೆ. ಇಬ್ಬರೂ ನಕ್ಕೆವು.

ಭೂಮಿ ದುಡ್ಡಿನಲ್ಲಿ ನನ್ನ ಗಂಡ ಮನೆಯ ಮೇಲೆ ಮನೆ ಕಟ್ಟಿಸಿ ಫ್ಯಾಕ್ಟರಿಯವರಿಗೆ ಬಾಡಿಗೆಗೆ ಕೊಟ್ಟರು, ಒಂದು ಸುಮೋ ತಗೊಂಡು ಶಿಫ್ಟಿನವರನ್ನು ಸಾಗಿಸೋಕೆ ಬಿಟ್ಟರು. ಮಹಡಿಯಲ್ಲಿದ್ದ ಎಂಜಿನಿಯರ್ ಹುಡುಗನೊಬ್ಬ ಕುದುರೆ ಕಾರಿನ ಸುದ್ದಿ ಕೇಳಿ ಒಳಗೆ ಹೋಗಿ ಫೋಟೋ ಹೊಡೆದು ಕಂಪ್ಯೂಟರಿಗೆ ಹಾಕಿದ. ಅದನ್ನು ನೋಡಿ ಬೆಂಗಳೂರಿನಿಂದ ಗಣೇಶ್ ಅನ್ನುವವರು ಫೋನು ಮಾಡಿದರು. ಹಳೇ ಕಾರುಗಳನ್ನು ಕೊಂಡು, ಬಿಚ್ಚಿ, ರಿಪೇರಿ ಮಾಡಿಸಿ, ಹೊಸದರ ಹಾಗೆ ಮಾಡುವುದೇ ಅವರ ಹುಚ್ಚು. ಅವರು ಫೋನಿನಲ್ಲಿ ಬಾಯಿಬಿಟ್ಟು ಹೇಳಿದ ಬೆಲೆ ಕೇಳಿ ನನ್ನ ಗಂಡನಿಗೆ ಅವತ್ತು ಊಟ ಸೇರಲಿಲ್ಲ. ತಂಗಿಗೆ ಇಷ್ಟೊಂದು ಹೋಗಿಬಿಡುತ್ತದಲ್ಲ ಅನ್ನುವ ಸಂಕಟ ಅವರ ಮುಖದಲ್ಲೇ ಬರೆದಿತ್ತು.

ಬೆಳೆ ಮುಗಿದು ಹುಳದ ಮನೆ ಖಾಲಿ ಇದ್ದ ದಿನ ನೋಡಿ ಗೋಡೆ ಕೆಡವಿದರು. ಊರ ಹುಡುಗರೆಲ್ಲ ಸೇರಿ ಕಾರನ್ನು ಅಂಗಳಕ್ಕೆ ತಳ್ಳಿದರು. ತಳ್ಳುವಾಗ ಅಡಿಯಲ್ಲಿ ಏನೋ ಲಟಲಟ ಅಂತು, ಯಾರೂ ಗಮನ ಕೊಡಲಿಲ್ಲ. ಬಿಸಿಲಿಗೆ ಬಂದ ಕೆಂಪು ಕಾರು ಮದುವಣಗಿತ್ತಿಯ ಹಾಗಿತ್ತು. ಮಾವ ಬಿಳೀ ಶರಟು ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು. ಲತಾ ತಲೆಗೆ ಎಣ್ಣೆ ಹಾಕಿ ಬಾಚಿ, ಗಾಜು ಒರೆಸಿದ್ದನ್ನೇ ಒರೆಸುತ್ತಿದ್ದಳು.

ಗಣೇಶ್ ಬಂದರು. ಒಳ್ಳೆಯ ಮನುಷ್ಯ, ಮರ್ಯಾದಸ್ಥ. ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಕೈ ಇಟ್ಟು, “ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರ” ಅಂದರು. ಲತಾ ನನ್ನ ಕೈ ಹಿಸುಕಿದಳು. ಆಮೇಲೆ ಅವರು ಚಾಪೆ ಹಾಸಿ, ಬ್ಯಾಟರಿ, ಸ್ಕ್ರೂಡ್ರೈವರು ಹಿಡಿದು ಕಾರಿನ ಕೆಳಗೆ ಮಲಗಿದರು. ಸ್ವಲ್ಪ ಹೊತ್ತಿಗೆ ಹಪ್ಪಳ ಮುರಿದ ಹಾಗೆ ಸದ್ದು ಬರತೊಡಗಿತು. ಒಂದು ಕಡೆ, ಇನ್ನೊಂದು ಕಡೆ, ಉದ್ದಕ್ಕೂ.

ಅವರು ಎದ್ದಾಗ ಕೂದಲ ತುಂಬ ಕಂದು ತುಕ್ಕು, ಬಿಳೀ ಪುಡಿ. ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿದರು.

“ಇದು ಏನು?”

“ಬ್ಲೀಚಿಂಗ್ ಪೌಡರು, ಸುಣ್ಣ ಸಾರ್,” ಅಂದರು ನನ್ನ ಗಂಡ. “ಹುಳದ ಮನೆಗೆ ಹೊಡೀತೀವಿ. ಪ್ರತಿ ಬೆಳೆಗೂ.”

ಗಣೇಶ್ ಚಾಪೆಯ ಮೇಲೆ ಹಾಗೇ ಕೂತುಬಿಟ್ಟರು. “ಅದು ಕಬ್ಬಿಣಾನ ತಿನ್ನುತ್ತೆ. ಬಾಗಿಲು ಬೇರೆ ಮುಚ್ಚಿಡ್ತೀರಲ್ಲ, ಆ ಹೊಗೆ ಎಲ್ಲಾ ಕಡೆ ಒಳಗೆ ಹೋಗಿ ಕೂತಿದೆ. ಈ ಗಾಡಿಗೆ ಬೇರೆ ಚಾಸಿಸ್ ಅಂತ ಇಲ್ಲ, ಅಡಿಯ ತಗಡೇ ಇದರ ಬೆನ್ನುಮೂಳೆ. ಬೆನ್ನುಮೂಳೆಯೇ ಇಲ್ಲ ಈಗ. ಮೇಲೆ ಬಣ್ಣ ಒಂದೇ ಇರೋದು.” ಯಾರ ಮುಖವನ್ನೂ ನೋಡದೆ ಹೇಳಿದರು: “ಮಳೆಯಲ್ಲಿ ಹುಣಸೆಮರದ ಕೆಳಗೆ ಬಿಟ್ಟಿದ್ದರೂ ಇದಕ್ಕಿಂತ ಚೆನ್ನಾಗಿರೋದು.”

ಲತಾಳ ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಅದನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು.

ಗಣೇಶ್ ಪಾಪ, ಅಷ್ಟಕ್ಕೇ ಎದ್ದು ಹೋಗಲಿಲ್ಲ. ಎಂಜಿನ್, ಗೇರ್‌ಬಾಕ್ಸ್, ಬಾಗಿಲು, ಗಾಜು, ಒಳಗಿನ ಸೀಟು, ಇವನ್ನು ಬಿಡಿಬಿಡಿಯಾಗಿ ತಗೊಳ್ಳುತ್ತೇನೆ ಅಂದರು. ಹೇಳಿದ ಮೊತ್ತ ಮೊದಲಿನದರ ಮುಂದೆ ಏನೂ ಅಲ್ಲ, ಆದರೆ ಬರಿಗೈಯವಳಿಗೆ ಅದೂ ದೊಡ್ಡದೇ. ಲತಾ ಬಾಯಿ ತೆರೆಯುವ ಮೊದಲೇ ಮಾವ ಅಂದರು:

“ಮಾರಿದ್ರೆ ಇಡೀ ಗಾಡಿ ಮಾರ್ತೀನಿ. ಕುಯ್ದು ಮಾರೋಕೆ ಇದೇನು ಕುರಿ ಅಲ್ಲ. ನಮ್ ದೊರೆ ಒಪ್ಸಿ ಹೋಗಿದ್ದು ಇದು. ಹೋಗ್ಬನ್ನಿ ಸ್ವಾಮಿ.”

ಗಣೇಶ್ ನಂಬರು ಬರೆದ ಚೀಟಿಯನ್ನು ಲತಾಳ ಕೈಗೆ ಕೊಟ್ಟು ಹೊರಟರು. ಅವರ ಕಾರಿನ ಧೂಳು ಇಳಿಯುವ ಮುಂಚೆಯೇ ನನ್ನ ಗಂಡ ತಂಗಿಯ ಕಡೆ ತಿರುಗಿದರು.

“ನಿನ್ ಪಾಲ್ನ ನೀನೇ ಕೈಯಾರೆ ತಿಂದಾಕ್ಬುಟ್ಟೆ. ಇನ್ನ ನಮ್ಮ ಮೇಲೆ ಹೇಳ್ಬ್ಯಾಡ. ಯಾರು ಹೇಳಿದ್ರು ಕಾರಿನಡೀಕೆಲ್ಲಾ ನುಗ್ಗಿ ಹೊಡಿ ಅಂತ?”

ಲತಾ ಅಪ್ಪನ ಕಡೆ ನೋಡಿದಳು. ಅವರು ಏನಾದರೂ ಹೇಳುತ್ತಾರೆ ಅಂತ ಅವಳೂ ಕಾದಳು, ನಾನೂ ಕಾದೆ. ಮಾವ ಕಾರಿನ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದರು. “ಮೂವತ್ತು ವರ್ಷ ಮಗೀನಂಗೆ ನೋಡ್ಕಂಡಿದ್ದೆ ಕಣವ್ವ,” ಅಂದರು. “ನೀನು ವಿಸ ಇಕ್ಬುಟ್ಟೆ.”

ನನಗೆ ಪಿತ್ತ ನೆತ್ತಿಗೇರಿತು. “ಹುಳದ ಮನೇಲಿ ಇಡ್ಸಿದ್ದು ಯಾರು ಮಾವ? ಗೋಡೆ ಕಟ್ಟಿ ಮುಚ್ಚಿದ್ದು ಅವಳಾ? ಅವ್ಳು ಆ ಪೌಡ್ರು ಹೊಡ್ದಿದ್ಕೆ ಒಂದ್ ಬೆಳೆಯೂ ಕೆಟ್ಟಿಲ್ಲ. ಆ ಗೂಡಿನ ದುಡ್ಡಲ್ಲಿ ಇಷ್ಟು ವರ್ಷ ಉಂಡೋರು ಯಾರು? ನಾವೇ ತಾನೆ? ಅವ್ಳ ಕಾರು ಕರಗಿ ನಮ್ ಹೊಟ್ಟೆಗೆ ಹೋಗೈತೆ, ತಿಳ್ಕಳಿ!”

ನನ್ನ ಗಂಡ ಕೆನ್ನೆಗೆ ಒಂದು ಬಿಟ್ಟರು. ಊರ ಹುಡುಗರ ಎದುರಿಗೇ. ನಾನು ಅಳಲಿಲ್ಲ. ಹೇಳಿದ್ದು ನಿಜ ಅಂತ ಆ ಏಟಿನಲ್ಲೇ ಗೊತ್ತಾಯಿತು.

ಎಲ್ಲರೂ ಅಂದುಕೊಂಡದ್ದು ಲತಾ ಅದನ್ನು ನುಂಗಿಕೊಂಡಳು ಅಂತ. ಗೋಡೆ ಮತ್ತೆ ಕಟ್ಟಿಸಿದರು, ಕಾರು ಅಂಗಳದಲ್ಲೇ ಉಳಿಯಿತು. ಅವಳು ಹುಳದ ಮನೆಗೆ ಔಷಧಿ ಹೊಡೆದಳು, ಮರಿ ತಂದರು, ಸಾಕಿದಳು. ನಾಲ್ಕನೇ ಜ್ವರದಿಂದ, ಅಂದರೆ ಕೊನೇ ಸಲ ಪೊರೆ ಕಳಚಿ, ಎದ್ದ ಹುಳ ಬಕಾಸುರರ ಹಾಗೆ ಮೇಯುವಾಗ ಸರಿಯಾಗಿ ನಿದ್ದೆಯೂ ಮಾಡಲಿಲ್ಲ. ಒಂದು ದಿನ ಸೊಪ್ಪು ಕೊಯ್ಯುವಾಗ ಕೇಳಿದೆ, “ಯಾಕೆ ಇಷ್ಟು ಸಾಯ್ತೀಯಾ ಲತಾ? ಬುಟ್ಬುಡು, ಸಾಯ್ಲಿ ಹುಳ.”

“ಹುಳ ನಂಗೇನು ಮಾಡವೆ ಅತ್ತಿಗೆ?” ಅಂದಳು, ಸೊಪ್ಪು ಕೊಯ್ಯುತ್ತಲೇ.

ಗೂಡು ಬಿಡಿಸಿದ ದಿನ ನನ್ನ ಗಂಡ ಶಿಫ್ಟಿನ ಗಾಡಿ ಹೊಡೆಯೋಕೆ ಹೋಗಿದ್ದರು. ಲತಾ ಲಗೇಜ್ ಆಟೋ ಕರೆಸಿದಳು. ಮೂಟೆ ಏರಿಸೋಕೆ ನಾನೇ ಕೈ ಕೊಟ್ಟೆ. ಟ್ರಂಕನ್ನೂ ಏರಿಸಿದಾಗ ಅವಳು ವಾಪಸು ಬರುವುದಿಲ್ಲ ಅಂತ ಅರ್ಥವಾಯಿತು. ಆದರೂ ಹಗ್ಗ ಬಿಗಿದು ಕಟ್ಟಿದೆ. ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡು ಮಾರಿ ದುಡ್ಡು ಇಸಿದುಕೊಂಡವಳು ರಾತ್ರಿ ಮನೆಗೆ ಬರಲಿಲ್ಲ.

ನನ್ನ ಗಂಡ ಬೆಳಗಾಗುವುದನ್ನೇ ಕಾದಿದ್ದು ಮಾವನನ್ನೂ ನನ್ನನ್ನೂ ಸುಮೋದಲ್ಲಿ ಕೂರಿಸಿಕೊಂಡು ಸ್ಟೇಷನ್ನಿಗೆ ಹೊರಟರು. ಕಳ್ಳತನದ ಕಂಪ್ಲೇಂಟು, ಸ್ವಂತ ತಂಗಿಯ ಮೇಲೆ. ಮೂಟೆ ಏರಿಸಿದವಳು ಅಂತ ನಾನು ಸಾಕ್ಷಿ. ಮಾವ ಬೇಡ ಅನ್ನಲಿಲ್ಲ.

ಲತಾಳನ್ನು ಹುಡುಕುವುದು ಕಷ್ಟವೇನೂ ಆಗಲಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರ ಜೊತೆ ಬಿಡದಿಯಲ್ಲಿ ರೂಮು ಮಾಡಿದ್ದಳು. ಹೇಳಿಕಳಿಸಿದ ತಕ್ಷಣ ತಾನೇ ಬಂದಳು, ಕಾಯುತ್ತಿದ್ದವಳ ಹಾಗೆ. ಸಬ್ ಇನ್ಸ್‌ಪೆಕ್ಟರು ವಯಸ್ಸಾದವರು, ಇಂಥ ಮನೆ ಜಗಳ ನೋಡಿ ನೋಡಿ ಸಾಕಾದವರು.

“ಏನಮ್ಮ, ಗೂಡಿನ ದುಡ್ಡು ನೀನು ತಗೊಂಡೆಯಾ?”

“ಹೌದು ಸಾ.”

“ಯಜಮಾನ್ರೇ, ಗೂಡು ಮಾರೋ ಪಾಸ್‌ಬುಕ್ಕು ನಿಮ್ಮ ಹೆಸರಲ್ಲಿದೆ ಸರಿ. ಆದರೆ ಇಷ್ಟು ವರ್ಷ ದುಡಿದ ಮಗಳು. ಅವಳಿಗೆ ಏನಾದರೂ ಪಾಲು ಅಂತ ಕೊಟ್ಟಿದ್ದೀರಾ?”

ಮಾವ ನೆಟ್ಟಗೆ ಕೂತರು. “ಕೊಟ್ಟಾಗೈತೆ ಸ್ವಾಮಿ. ಕಾರು ಕೊಟ್ಟಿವ್ನಿ.”

“ಹೌದು ಸಾರ್, ಕಾರು ಅವ್ಳದ್ದೇ,” ಅಂತ ನನ್ನ ಗಂಡ ಒತ್ತಿ ಹೇಳಿದರು. “ಬೇರೆ ಏನೂ ಬಾಕಿ ಇಲ್ಲ.”

ಲತಾ ಸೆರಗಿನೊಳಗಿಂದ ಕವರು ತೆಗೆದು ಮೇಜಿನ ಮೇಲೆ ಇಟ್ಟಳು.

“ಗೂಡಿನ ದುಡ್ಡು ಇಲ್ಲೈತೆ ಸಾ, ಒಂದು ರೂಪಾಯಿ ಮುಟ್ಟಿಲ್ಲ. ಮನೇಲಿ ಕೇಳಿದ್ರೆ ಕಾರು ನಂದೇ ಅನ್ನೋ ಮಾತು ಇವ್ರ ಬಾಯಲ್ಲಿ ಬರ್ತಿರ್ಲಿಲ್ಲ. ನಮ್ಮಣ್ಣ ಸ್ಟೇಷನ್‌ಗೆ ಬಂದೇ ಬರ್ತಾನೆ ಅಂತ ಗೊತ್ತಿತ್ತು. ಕಾರು ನಂದು, ನಾನು ಇಡೀ ಮಾರ್ತೀನೋ ಕುಯ್ದು ಮಾರ್ತೀನೋ ಯಾರೂ ಅಡ್ಡ ಬರೋ ಹಂಗಿಲ್ಲ ಅಂತ ಬರ್ಸಿ, ಇವ್ರ ಸಹಿ ಹಾಕ್ಸ್ಕೊಡಿ. ಸಾಕು.”

ಸಬ್ ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಆಮೇಲೆ ಬರೆಸಿದರು. ಮಾವ ಪೆನ್ನು ಹಿಡಿದು, ಮತ್ತೆ ಮೇಜಿನ ಮೇಲಿಟ್ಟರು. “ಲತಾ, ಬ್ಯಾಡ ಕಣವ್ವ. ಹಂಗೇ ನಿಂತಿರ್ಲಿ ಬುಡು. ಮನೇಗ್ ಬಾ,” ಅಂದರು. ಆ ಮಾತನ್ನು ಅಂಗಳದಲ್ಲಿ ಅವತ್ತು ಆಡಿದ್ದರೆ ಅವಳು ಕಾಲು ಹಿಡಿದು ಉಳಿಯುತ್ತಿದ್ದಳು. ಈಗಲೂ ಆಡಿದ್ದು ಮಗಳಿಗೋ ಕಾರಿಗೋ ನನಗೆ ಗೊತ್ತಾಗಲಿಲ್ಲ. ಲತಾ ತಲೆ ಬಗ್ಗಿಸಿ ಸಹಿಯ ಜಾಗ ತೋರಿಸಿದಳು.

ಆ ವಾರವೇ ಗಣೇಶರ ಕಡೆಯ ಜನ ವ್ಯಾನು, ಚೈನ್ ಪುಲ್ಲಿ ತಂದರು. ಗಾಜು ಬಿಚ್ಚಿದರು, ಬಾಗಿಲು ಬಿಚ್ಚಿದರು, ಕುದುರೆ ಗೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಇಟ್ಟರು. ಎಂಜಿನನ್ನು ಸರಪಳಿಗೆ ಕಟ್ಟಿ ಎತ್ತಿದಾಗ, ಅಡಿಯಲ್ಲಿ ಏನೂ ಉಳಿದಿರಲಿಲ್ಲವಲ್ಲ, ಕಾರು ನಡುವಿಗೆ ಮುರಿದು ಅಂಗಳದಲ್ಲಿ ಕುಸಿಯಿತು. ಮಾವ ಜಗಲಿಯಿಂದ ಎದ್ದು ಓಡಿಬಂದು ಎರಡೂ ಕೈ ಅಡ್ಡ ಹಿಡಿದು, “ನಿಲ್ಸ್ರಪ್ಪಾ, ಸಾಕು ನಿಲ್ಸ್ರಪ್ಪಾ” ಅಂದರು. ಕೆಲಸದವನೊಬ್ಬ ಮೆತ್ತಗೆ ಅವರ ತೋಳು ಹಿಡಿದು ಪಕ್ಕಕ್ಕೆ ಸರಿಸಿದ.

“ಬನ್ನಿ ತಾತ, ಏಟು ಬಿದ್ದಾತು. ಗಾಡಿ ಲತಾಮಣಿ ಅಮ್ಮಂದಂತೆ.”

“ಅವ್ಳು ಬರ್ಲಿಲ್ವಾ?”

“ಡ್ಯೂಟಿ ಐತಂತೆ. ದುಡ್ಡು ಆಗ್ಲೇ ಇಸ್ಕಂಡವ್ರೆ.”

ವ್ಯಾನು ಹೋದ ಮೇಲೆ ಮಾವ ಆ ತಗಡಿನ ರಾಶಿಯ ಪಕ್ಕದಲ್ಲೇ ನೆಲದ ಮೇಲೆ ಕೂತರು. ಊಟಕ್ಕೆ ಕರೆದರೆ ಏಳಲಿಲ್ಲ. ಆ ದುಡ್ಡು ಎರಡು ಕೋಣೆಗೆ ಸಾಲುವುದಿಲ್ಲ, ಸೈಟಿನ ಒಂದು ಮೂಲೆಗೂ ಸಾಲುವುದಿಲ್ಲ, ಅದು ಲತಾಳಿಗೂ ಗೊತ್ತು. ಆದರೂ ಅವಳು ಮತ್ತೆ ಈ ಮನೆಯ ಹೊಸಿಲು ತುಳಿಯುವುದಿಲ್ಲ, ಅದು ನನಗೆ ಗೊತ್ತು. ಮುದುಕನನ್ನು ನೋಡಿ ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ಅಷ್ಟರಲ್ಲಿ ನನ್ನ ಗಂಡ ಒಳಗಿನಿಂದ ಬಂದು ಹುಳದ ಮನೆಯ ಬೀಗದ ಕೈಯನ್ನು ನನ್ನ ಕೈಗೆ ಹಾಕಿದರು. ಔಷಧಿ ಹೊಡೆಯಬೇಕು, ಮುಂದಿನ ವಾರ ಮರಿ ಬರುತ್ತದೆ, ಇನ್ನು ಮೇಲೆ ನೀನೇ ನೋಡಿಕೊಳ್ಳಬೇಕು ಅಂದರು. ನಾನು ಕೈ ತೊಳೆದುಕೊಂಡು, ಮುಡಿದಿದ್ದ ಹೂವನ್ನು ತೆಗೆದಿಟ್ಟು, ಹುಳದ ಮನೆಯ ಒಳಗೆ ಹೋದೆ.